83 ಡೆಸಿಬೆಲ್ ಸಂವೇದನೆ

ನಮ್ಮ ನವ್ಯ ವಿಮರ್ಶೆ ಬಳಸಿ ಬಳಸಿ ಸವೆಸಿದ ಶಬ್ದಗಳಲ್ಲಿ ‘ಸಂವೇದನೆ’ಯೂ ಒಂದು. ಸಂವೇದನಾಶೀಲ ಕವಿ, ಸಂವೇದನಾಶೀಲ ಓದುಗ ಎಂದರೆ ಅದು ಪ್ರಶಂಸೆಯೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ಈ ಶಬ್ದದ ಬಂಧುಬಳಗದ ಬಗ್ಗೆ ಪುಟಗಟ್ಟಲೆ ಉತ್ತರ ಬರೆದಿದ್ದ ನನಗೆ, ಅದು ಬರಿಯ ಒಂದು ಅಂಕಿಯಾಗಿ ಎದುರಾದದ್ದು ದೆಹಲಿಯ ನಮ್ಮ ಸರ್ಕಾರಿ ವಸತಿಗೃಹಕ್ಕೆ ಬಂದ ಒಂದು ಜೊತೆ ಸ್ಪೀಕರುಗಳ ಬೆನ್ನಿನ ಮೇಲೆ. ನಿವೃತ್ತರಾಗಿ ಊರಿಗೆ ಹೊರಟ ಹಿರಿಯ ಸಹೋದ್ಯೋಗಿಯೊಬ್ಬರು ಸಾಮಾನು ಹಗುರ ಮಾಡಿಕೊಳ್ಳುವಾಗ ಅವನ್ನು ನನಗೆ ಕೊಟ್ಟಿದ್ದರು. ಎರಡು ನಿಘಂಟುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದಷ್ಟೇ ಗಾತ್ರ. ಬೆನ್ನಿನ ಚೀಟಿಯಲ್ಲಿ ಸೆನ್ಸಿಟಿವಿಟಿ 83 ಡೆಸಿಬೆಲ್, 8 ಓಮ್, 25ರಿಂದ 100 ವ್ಯಾಟ್ ಆಂಪ್ಲಿಫೈಯರ್ ಎಂದು ಅಚ್ಚಾಗಿತ್ತು. ತಿಳಿದವರೊಬ್ಬರು ನೋಡಿ, “ಇವು ಸಂವೇದನೆ ಕಡಿಮೆಯ ಪೆಟ್ಟಿಗೆಗಳು” ಎಂದರು. ಸಾಹಿತ್ಯದ ವಿದ್ಯಾರ್ಥಿಗೆ ಅದು ಬೈಗುಳದಂತೆ ಕೇಳಿಸಿತು.

ಬೈಗುಳವಲ್ಲ ಎಂಬುದು ಆಮೇಲೆ ತಿಳಿಯಿತು. 1811ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ಓದಿದವರಿಗೆ ಅಕ್ಕ ಎಲಿನರ್ ಮತ್ತು ತಂಗಿ ಮೇರಿಯನ್ ನೆನಪಿರಬಹುದು. ಮೇರಿಯನ್ನಳಿಗೆ ಎಲ್ಲವೂ ಒಡನೆಯೇ ತಟ್ಟುತ್ತದೆ, ಒಡನೆಯೇ ಹೊರಬರುತ್ತದೆ. ಎಲಿನರಳಿಗೆ ತಟ್ಟುವುದು ಕಡಿಮೆಯೇನಲ್ಲ. ಆದರೆ ಅವಳಿಂದ ಒಂದು ಮಾತು ಹೊರಡಬೇಕಾದರೆ ಒಳಗೆ ಬಹಳಷ್ಟು ವ್ಯಯವಾಗಬೇಕು. ಸ್ಪೀಕರುಗಳಲ್ಲಿಯೂ ಈ ಎರಡು ಸ್ವಭಾವಗಳಿವೆ. ಯಾವ ಸ್ವಭಾವಕ್ಕೆ ಎಂಥ ಆಂಪ್ಲಿಫೈಯರ್ ಜೊತೆಯಾಗಬೇಕು ಎಂಬುದೇ ಈ ಬರಹದ ವಿಷಯ.

ಮೊದಲು ಆ ಅಂಕಿಯ ಅರ್ಥ. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆಂದು ಅಳೆದರೆ ಅದು ಅದರ ಸಂವೇದನೆ. 8 ಓಮ್ ಸ್ಪೀಕರಿನಲ್ಲಿ 2.83 ವೋಲ್ಟ್ ಎಂದರೆ ಸರಿಯಾಗಿ ಒಂದು ವ್ಯಾಟ್. ಇಲ್ಲೊಂದು ಸಣ್ಣ ಜಾಣತನಕ್ಕೆ ಎಡೆಯಿದೆ. 4 ಓಮ್ ಸ್ಪೀಕರು ಅದೇ 2.83 ವೋಲ್ಟಿಗೆ ಎರಡು ವ್ಯಾಟ್ ಎಳೆದುಕೊಳ್ಳುತ್ತದೆ. ಹಾಗಾಗಿ ಅದರ ಚೀಟಿಯ ಮೇಲಿನ 86ನ್ನು ವ್ಯಾಟಿನ ಲೆಕ್ಕದಲ್ಲಿ 83 ಎಂದೇ ಓದಬೇಕು. ಚೀಟಿಯಲ್ಲಿ ಡೆಸಿಬೆಲ್ಲಿನ ಪಕ್ಕದಲ್ಲಿರುವ ಓಮ್ ಅನ್ನು ನೋಡದೆ ತೀರ್ಮಾನಿಸುವುದು ಷರಾ ಓದದೆ ಕಡತಕ್ಕೆ ಸಹಿ ಹಾಕಿದಂತೆ.

ಡೆಸಿಬೆಲ್ಲಿನ ಗಣಿತ ನಮ್ಮ ಸಹಜ ಅಂದಾಜಿಗೆ ಒಗ್ಗುವುದಿಲ್ಲ. ವ್ಯಾಟ್ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ತುಸು ಹೆಚ್ಚಾಯಿತು’ ಎನ್ನುವಷ್ಟು. ಧ್ವನಿ ಇಮ್ಮಡಿಯಾಯಿತೆಂದು ಕಿವಿ ಒಪ್ಪಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 50 ವ್ಯಾಟಿನ ಆಂಪ್ಲಿಫೈಯರಿಗಿಂತ 60 ವ್ಯಾಟಿನದು ಜೋರು ಎಂದು ಹೆಚ್ಚು ಹಣ ತೆರುವವನು ಕೊಳ್ಳುತ್ತಿರುವುದು ಒಂದು ಡೆಸಿಬೆಲ್ಲಿಗಿಂತ ಕಡಿಮೆ. ಆದರೆ 90 ಡೆಸಿಬೆಲ್ ಸ್ಪೀಕರಿಗೂ 83 ಡೆಸಿಬೆಲ್ ಸ್ಪೀಕರಿಗೂ ನಡುವಿನ 7 ಎಂಬ ಪುಟ್ಟ ಅಂತರದಲ್ಲಿ ಐದು ಪಟ್ಟು ವ್ಯಾಟ್ ಅಡಗಿದೆ.

ಈ ಲೆಕ್ಕವನ್ನು ನನಗಿಂತ ಬೇಗ ಹಿಡಿದವರು ನನ್ನ ತಂದೆ. ಧಾರವಾಡದ ಬಳಿಯ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತರಾದವರು; ತಾಯಿ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವರು. ಕ್ಲಾರ್ಕ್ಸ್ ಟೇಬಲ್ಸ್‌ನ ಲಾಗರಿದಮ್ ಪುಟಗಳು ಇಂದಿಗೂ ಅವರಿಗೆ ಬಾಯಿಪಾಠ. ನಾನು 3 ಡೆಸಿಬೆಲ್ ಎಂದಾಗ ಅವರು, “3.01 ಅನ್ನು” ಎಂದು ತಿದ್ದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ಅಲ್ಲೋ, ನಮ್ಮ ಮನಿ ರೇಡಿಯೊ ನಾಕ ವ್ಯಾಟ್‌ನ್ಯಾಗ ಓಣಿಗೆಲ್ಲಾ ಕೇಳಸ್ತಿತ್ತು. ಇಷ್ಟ ಸಣ್ಣ ಡಬ್ಬಿಗೆ ನೂರು ವ್ಯಾಟ್ ಯಾಕ ಬೇಕು?”

ಪ್ರಶ್ನೆ ನ್ಯಾಯವಾದದ್ದು. ಧಾರವಾಡದ ಮನೆಯ ವಾಲ್ವ್ ರೇಡಿಯೊವನ್ನು ನಾನೂ ಕೇಳಿ ಬೆಳೆದವನು. ಮರದ ದೊಡ್ಡ ಕಪಾಟು, ಹಿಂಬದಿಯಲ್ಲಿ ತೂತುಗಳ ರಟ್ಟು, ಮುಂದೆ ಬಟ್ಟೆಯ ಹಿಂದೆ ಅಗಲವಾದ ಹಗುರ ಕಾಗದದ ಶಂಕು. ಅಂಥ ರೇಡಿಯೊಗಳ ಔಟ್‌ಪುಟ್ ವಾಲ್ವಿನಿಂದ ನಾಲ್ಕೈದು ವ್ಯಾಟಿಗಿಂತ ಹೆಚ್ಚು ಬರುತ್ತಿರಲಿಲ್ಲ. ಆದರೂ ಧಾರವಾಡ ಆಕಾಶವಾಣಿಯ ಬೆಳಗಿನ ಗಾಯನ ಅಡುಗೆಮನೆ ದಾಟಿ ಹಿತ್ತಿಲ ಬಾವಿಕಟ್ಟೆಯವರೆಗೆ ಹೋಗುತ್ತಿತ್ತು. ಜಾತ್ರೆಯ ತೇರಿನ ಮುಂದೆ ಕಟ್ಟುತ್ತಿದ್ದ ತುತ್ತೂರಿಯಾಕಾರದ ಹಾರ್ನ್ ಧ್ವನಿವರ್ಧಕ ಇನ್ನೂ ಮುಂದೆ ಹೋದ ಮೇರಿಯನ್. ಹಾರ್ನ್‌ಗಳ ಸಂವೇದನೆ 100 ಡೆಸಿಬೆಲ್ ದಾಟುವುದು ಸಾಮಾನ್ಯ. ಒಂದೇ ವ್ಯಾಟಿಗೆ ಊರನ್ನು ಎಬ್ಬಿಸಬಲ್ಲವು.

ಆದರೆ ಅವು ಬಿಟ್ಟುಕೊಡುತ್ತಿದ್ದುದೂ ಇತ್ತು. ಜಾತ್ರೆಯ ಹಾರ್ನಿನಲ್ಲಿ ಡೊಳ್ಳಿನ ಸದ್ದು ತಗಡಿನ ಡಬ್ಬ ಬಡಿದಂತೆ ಬರುತ್ತಿದ್ದುದು ಕೇಳಿದವರಿಗೆ ಗೊತ್ತು. ರೇಡಿಯೊ ಅಷ್ಟು ಕಟುವಲ್ಲ. ಆದರೂ ತಂಬೂರಿಯ ಖರಜದ ತಂತಿ, ತಬಲಾದ ಬಾಯಾಂನ ಗುಂಯ್ಗುಡುವ ಆಳ ಅದರಲ್ಲಿ ಇದ್ದದ್ದಕ್ಕಿಂತ ನಾವು ಊಹಿಸಿಕೊಂಡದ್ದೇ ಹೆಚ್ಚು.

ಈ ಕೊಡುಕೊಳ್ಳುವಿಕೆಗೆ ಒಂದು ನಿಯಮವಿದೆ. ಸ್ಪೀಕರ್ ತಯಾರಕರ ಬಳಗದಲ್ಲಿ ಅದನ್ನು ಹಾಫ್‌ಮನ್ನನ ಕಬ್ಬಿಣದ ನಿಯಮ ಎನ್ನುತ್ತಾರೆ. ಜೋಸೆಫ್ ಆಂಟನ್ ಹಾಫ್‌ಮನ್, ಅದೇ ಹೆಸರಿನ ಪ್ರಸಿದ್ಧ ಪಿಯಾನೊ ವಾದಕನ ಮಗ. 1957ರಲ್ಲಿ ಆರಂಭವಾದ ಅಮೆರಿಕದ ಕೆಎಲ್‌ಎಚ್ ಕಂಪನಿಯ ಹೆಸರಿನಲ್ಲಿರುವ ‘ಎಚ್’ ಅವನದೇ. ನಿಯಮ ಸರಳ: ಪುಟ್ಟ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದನೆ ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಲೆಕ್ಕದಲ್ಲಿ ಹೇಳುವುದಾದರೆ, ಪೆಟ್ಟಿಗೆಯ ಗಾತ್ರ ಬದಲಿಸದೆ ಮಂದ್ರವನ್ನು ಒಂದು ಸಪ್ತಕ ಕೆಳಗಿಳಿಸಬೇಕೆಂದರೆ ಧ್ವನಿಯ ದಕ್ಷತೆ ಎಂಟನೆಯ ಒಂದಕ್ಕೆ, ಅಂದರೆ 9 ಡೆಸಿಬೆಲ್ ಕುಸಿಯುತ್ತದೆ. ದಕ್ಷತೆ ಕುಸಿಯಬಾರದೆಂದರೆ ಪೆಟ್ಟಿಗೆ ಎಂಟು ಪಟ್ಟು ದೊಡ್ಡದಾಗಬೇಕು.

ಈ ಒಪ್ಪಂದಕ್ಕೆ ತಿಳಿದೇ ಸಹಿ ಹಾಕಿದವನು ಎಡ್ಗರ್ ವಿಲ್ಚರ್. 1954ರಲ್ಲಿ ಅವನೂ ಹೆನ್ರಿ ಕ್ಲಾಸ್‌ನೂ ಸೇರಿ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದ್ದು ವಿಲ್ಚರನ ಉಪಾಯ. ಶಂಕು ಭಾರವಾಯಿತು, ಕಟ್ಟು ಸಡಿಲವಾಯಿತು; ಅಲ್ಮೇರಾದಷ್ಟು ದೊಡ್ಡ ಪೆಟ್ಟಿಗೆಗಳು ಮಾತ್ರ ಕೊಡುತ್ತಿದ್ದ ಮಂದ್ರ ಪುಸ್ತಕದ ಕಪಾಟಿನಿಂದ ಬಂತು. ಬೆಲೆಯಾಗಿ ತೆತ್ತದ್ದು ಸಂವೇದನೆ. 1958ರ ಹೊತ್ತಿಗೆ ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಬಂದವು. ಮನೆಗೆ ಒಂದರ ಬದಲು ಎರಡು ಪೆಟ್ಟಿಗೆ ಬೇಕಾಯಿತು. ಎರಡು ಅಲ್ಮೇರಾಗಳಿಗೆ ಯಾರ ಮನೆಯಲ್ಲೂ ಜಾಗವಿರಲಿಲ್ಲ. 60ರ ದಶಕದಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ವ್ಯಾಟನ್ನು ಅಗ್ಗ ಮಾಡಿದವು. ಜಾಗ ತುಟ್ಟಿ, ವ್ಯಾಟ್ ಅಗ್ಗ ಎಂಬ ಲೋಕದಲ್ಲಿ ಎಲಿನರಳ ಸಂತತಿ ಬೆಳೆಯಿತು.

ಆ ಸಂತತಿಯಲ್ಲಿ ಹೆಸರಾದದ್ದು ಬಿಬಿಸಿಯ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಇಂಜಿನಿಯರನಿಗೆ ಕಾಲು ಚಾಚಲೂ ಜಾಗವಿಲ್ಲದಿರುವಾಗ ಧ್ವನಿಯನ್ನು ಪ್ರಾಮಾಣಿಕವಾಗಿ ತೂಗಿ ನೋಡಲು 70ರ ದಶಕದಲ್ಲಿ ಅದನ್ನು ರೂಪಿಸಿದರು. ಸುಮಾರು 30 ಸೆಂಟಿಮೀಟರ್ ಎತ್ತರ, ಒಳಗೆ ಐದು ಲೀಟರಿನಷ್ಟು ಜಾಗ, ಸಂವೇದನೆ ಸುಮಾರು 83 ಡೆಸಿಬೆಲ್. ಮನುಷ್ಯನ ಕಂಠವನ್ನು ಕಂಠವಾಗಿಯೇ ಕೇಳಿಸುವುದಕ್ಕೆ ಅದು ಹೆಸರುವಾಸಿ. ಹಲವು ಕಂಪನಿಗಳು ಬಿಬಿಸಿಯ ಪರವಾನಗಿ ಪಡೆದು ಅದನ್ನು ತಯಾರಿಸಿದವು. ಅದರ ಶಿಲ್ಪಿಗಳಲ್ಲೊಬ್ಬನಾದ ಡಡ್ಲಿ ಹಾರ್‌ವುಡ್ ಬಿಬಿಸಿ ಬಿಟ್ಟ ಮೇಲೆ ಕಟ್ಟಿದ ಕಂಪನಿಗೆ ತನ್ನ ಮತ್ತು ಹೆಂಡತಿ ಎಲಿಜಬೆತ್‌ಳ ಹೆಸರಿನ ತುಣುಕುಗಳನ್ನು ಸೇರಿಸಿ ಹಾರ್ಬೆತ್ ಎಂದು ಹೆಸರಿಟ್ಟ. ನನ್ನ ಬಳಿಯಿರುವ ಪೆಟ್ಟಿಗೆಗಳು ಆ ವಂಶದವಲ್ಲ. ಸ್ವಭಾವ ಮಾತ್ರ ಅದೇ.

ಈ ಸ್ವಭಾವದ ಬೆಲೆಯನ್ನು ಒಮ್ಮೆ ಪೂರ್ತಿ ನೋಡಿಬಿಡೋಣ. 83 ಡೆಸಿಬೆಲ್ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಧ್ವನಿಯಾಗುವುದು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಉಳಿದದ್ದು ವಾಯ್ಸ್ ಕಾಯಿಲ್ ಎಂಬ ತಂತಿಯ ಸುರುಳಿಯನ್ನು ಬಿಸಿ ಮಾಡಿ ಮುಗಿಯುತ್ತದೆ. ದೆಹಲಿಯಿಂದ ಹೊರಟ ರೂಪಾಯಿಯಲ್ಲಿ ಫಲಾನುಭವಿಗೆ ತಲುಪುವುದೆಷ್ಟು ಎಂಬ ಹಳೆಯ ಚರ್ಚೆಯನ್ನು ಕಚೇರಿಯಲ್ಲಿ ಕೇಳುತ್ತಲೇ ಬಂದ ನನಗೆ, ಇದರ ಮುಂದೆ ನಮ್ಮ ಇಲಾಖೆಗಳೇ ವಾಸಿ ಎನಿಸಿತು.

ಹಾಗಾದರೆ ನಿಜವಾಗಿ ಎಷ್ಟು ವ್ಯಾಟ್ ಬೇಕು? ಅಪ್ಪನೂ ನಾನೂ ಒಂದು ಭಾನುವಾರ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅವರ ಬೆತ್ತದ ಕುರ್ಚಿ ಸ್ಪೀಕರುಗಳಿಂದ ಮೂರು ಮೀಟರ್ ದೂರ, ಕಿಟಕಿಯ ಪಕ್ಕ. ಬಯಲಿನಲ್ಲಾದರೆ ಮೂರು ಮೀಟರಿಗೆ ಸುಮಾರು 9.5 ಡೆಸಿಬೆಲ್ ಕಳೆಯುತ್ತದೆ. ಕೋಣೆಯಲ್ಲಿ ಗೋಡೆಗಳು ಒಂದಷ್ಟನ್ನು ಮರಳಿಸುವುದರಿಂದ 6 ಎಂದು ಹಿಡಿಯಬಹುದು. ಸ್ಪೀಕರುಗಳು ಎರಡಾದ್ದರಿಂದ 3 ಸೇರುತ್ತದೆ. 83ರಲ್ಲಿ 6 ಕಳೆದು 3 ಕೂಡಿಸಿದರೆ 80. ಅಂದರೆ ತಲಾ ಒಂದು ವ್ಯಾಟಿಗೆ ಕುರ್ಚಿಯಲ್ಲಿ 80 ಡೆಸಿಬೆಲ್. ಮನೆಯಲ್ಲಿ ಮನವಿಟ್ಟು ಗಾಯನ ಕೇಳಲು ಸರಾಸರಿ 75 ಸಾಕು. ಅದಕ್ಕೆ ಒಂದು ವ್ಯಾಟಿನ ಮೂರನೆಯ ಒಂದು ಭಾಗವೂ ಬೇಡ.

ಅಪ್ಪ ಪೆನ್ಸಿಲ್ ಕೆಳಗಿಟ್ಟು ಗೆದ್ದವರಂತೆ ನೋಡಿದರು. ಆದರೆ ಸಂಗೀತ ಸರಾಸರಿಯಲ್ಲಿ ಬದುಕುವುದಿಲ್ಲ. ಆಲಾಪದ ನಡುವೆ ಏಳುವ ಒಂದು ತಾನು, ಸಮದ ಮೇಲೆ ಬೀಳುವ ತಬಲಾದ ಪೆಟ್ಟು, ಕ್ಷಣಮಾತ್ರ ಸರಾಸರಿಗಿಂತ 10ರಿಂದ 20 ಡೆಸಿಬೆಲ್ ಮೇಲಕ್ಕೆ ಹಾರುತ್ತವೆ. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಮೂರನೆಯ ಒಂದು ವ್ಯಾಟಿನಲ್ಲಿ ನಡೆಯುತ್ತಿದ್ದ ಗಾಯನ ಆ ಕ್ಷಣಕ್ಕೆ 32 ವ್ಯಾಟ್ ಕೇಳುತ್ತದೆ. ಅದೇ ಕ್ಷಣಕ್ಕೆ 90 ಡೆಸಿಬೆಲ್ ಸ್ಪೀಕರು ಆರೇಳು ವ್ಯಾಟಿಗೆ ತೃಪ್ತವಾಗುತ್ತಿತ್ತು. ಅಪ್ಪನ ಪ್ರಶ್ನೆಗೆ ಉತ್ತರ ಇದು: ವ್ಯಾಟ್ ಬೇಕಾದದ್ದು ಜೋರಿಗಲ್ಲ, ಆಪತ್ತಿಗೆ. ಮನೆಯ ಖರ್ಚು ನಡೆಯುವುದು ತಿಂಗಳ ಸಂಬಳದಲ್ಲಿ; ಮಗಳ ಮದುವೆ ನಡೆಯುವುದು ಉಳಿತಾಯದಲ್ಲಿ.

ಇದರ ಮೇಲೆ ದೆಹಲಿಯ ಹವಾಮಾನವೂ ಒಂದು ಖಾತೆ ತೆರೆಯುತ್ತದೆ. ಮೊಬೈಲಿನ ಆಪ್ ಒಂದು ನಿಖರ ಮಾಪಕವೇನಲ್ಲ. ಆದರೂ ಜನವರಿಯ ರಾತ್ರಿ ಕಿಟಕಿ ಮುಚ್ಚಿದ ನಮ್ಮ ಕೋಣೆಯಲ್ಲಿ ಅದು 35ರ ಆಸುಪಾಸು ತೋರಿಸಿದರೆ, ಜೂನಿನಲ್ಲಿ ಫ್ಯಾನೂ ಕೂಲರೂ ತಿರುಗುವಾಗ 58 ತೋರಿಸುತ್ತದೆ. ತಂಬೂರಿಯ ಸೂಕ್ಷ್ಮವೆಲ್ಲ ಕೂಲರಿನ ನೀರಿನಲ್ಲಿ ಮುಳುಗುತ್ತದೆ. ಅದನ್ನು ಮೇಲೆತ್ತಲು ಧ್ವನಿಯನ್ನು 5 ಡೆಸಿಬೆಲ್ ಏರಿಸಿದರೆ, 32 ವ್ಯಾಟಿನ ಶಿಖರ 100 ವ್ಯಾಟಾಗುತ್ತದೆ. ಚಳಿಗಾಲದಲ್ಲಿ ಸಾಕಾಗುವ ಆಂಪ್ಲಿಫೈಯರು ಬೇಸಿಗೆಯಲ್ಲಿ ಸಾಲದೆ ಬರುವುದು ಹೀಗೆ.

ನಮ್ಮ ಮನೆಯಲ್ಲಿ ಮೊದಲೇ ಇದ್ದುದು 15 ವ್ಯಾಟಿನ ಒಂದು ಚಿಕ್ಕ ಆಂಪ್ಲಿಫೈಯರ್. ಚಳಿಗಾಲವಿಡೀ ಅದು ಮರ್ಯಾದೆಯಿಂದ ನಡೆದುಕೊಂಡಿತು. ಕೂಲರ್ ಆರಂಭವಾದ ಮೇಲೆ ಅಪ್ಪ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳುತ್ತ, “ದನಿ ಬರತದ, ಮಾತು ಬರೂದಿಲ್ಲ. ಮ್ಯಾಲೆ ಹೋದಾಗ ಕಿವಿ ಹರೀತದ” ಎನ್ನತೊಡಗಿದರು. ಮನ್ಸೂರರನ್ನು ಧಾರವಾಡದಲ್ಲಿ ಎದುರು ಕುಳಿತು ಕೇಳಿದವರು ಅವರು. ಅವರಿಗೆ ಆ ಕಂಠ ಮನರಂಜನೆಯಲ್ಲ. ಪರ ಊರಿನಲ್ಲಿ, ಪಕ್ಕದವರ ಭಾಷೆ ಬಾರದ ಮಧ್ಯಾಹ್ನಗಳಲ್ಲಿ, ಅವರ ಕಿವಿಗೆ ಬೀಳುವ ಕನ್ನಡದಲ್ಲಿ ಅರ್ಧದಷ್ಟು ಅಲ್ಲಿಂದಲೇ ಬರಬೇಕು.

ಕಿವಿಯನ್ನು ತೋರಿಸಿದೆವು. ವಯಸ್ಸಿಗೆ ಸಹಜವಾದದ್ದೇ ಎಂದು ಶ್ರವಣತಜ್ಞೆ ಹೇಳಿದರು: ಸ ಶ ತ ಥ ಮುಂತಾದ ವ್ಯಂಜನಗಳ ಅಂಚು ಇರುವ ಮೇಲಿನ ಕಂಪನಗಳು ಮೊದಲು ಮಸುಕಾಗುತ್ತವೆ. ಇಂಥ ಕಿವಿಗೆ ಮೆಲ್ಲನೆಯದು ಕೇಳಿಸುವುದಿಲ್ಲ, ಜೋರಾದದ್ದು ತಟ್ಟನೆ ಅಸಹ್ಯವಾಗುತ್ತದೆ. ನಡುವಿನ ಹಾದಿ ಕಿರಿದಾಗುತ್ತ ಹೋಗುತ್ತದೆ. ಆ ಕಿರುಹಾದಿಯಲ್ಲಿ ನಮ್ಮ ಚಿಕ್ಕ ಆಂಪ್ಲಿಫೈಯರ್ ಅಡ್ಡ ನಿಂತಿತ್ತು.

ಆಂಪ್ಲಿಫೈಯರು ತನ್ನ ವಿದ್ಯುತ್ ಪೂರೈಕೆ ಅನುಮತಿಸಿದಷ್ಟೇ ವೋಲ್ಟೇಜು ಕೊಡಬಲ್ಲದು. ಅದಕ್ಕಿಂತ ಹೆಚ್ಚು ಕೇಳಿದರೆ ಅಲೆಯ ನೆತ್ತಿ ಕತ್ತರಿಯಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಕ್ಲಿಪ್ಪಿಂಗ್ ಎಂದು ಅದರ ಹೆಸರು. ಚಪ್ಪಟೆಯಾದ ಅಲೆಯಲ್ಲಿ ಗಾಯಕ ಹಾಡದ ಕರ್ಕಶ ಸ್ವರಾಂಶಗಳು ಹುಟ್ಟುತ್ತವೆ. ಸರಾಸರಿ ಶಕ್ತಿಯೂ ಏರುತ್ತದೆ. ಮೇಲಿನ ಸ್ವರಗಳನ್ನು ನುಡಿಸುವ ನಾಜೂಕಿನ ಟ್ವೀಟರಿಗೆ ಅದರ ಲೆಕ್ಕದಲ್ಲಿಲ್ಲದ ಹೊರೆ ಬೀಳುತ್ತದೆ. ಅಪ್ಪ ‘ಕಿವಿ ಹರೀತದ’ ಎಂದದ್ದು ಮನ್ಸೂರರ ತಾರಸ್ಥಾಯಿಯನ್ನಲ್ಲ, ಅದರ ಕತ್ತರಿಸಿದ ನೆತ್ತಿಯನ್ನು.

ದೊಡ್ಡ ಆಂಪ್ಲಿಫೈಯರ್ ಚಿಕ್ಕ ಸ್ಪೀಕರನ್ನು ಸುಟ್ಟುಬಿಡುತ್ತದೆ ಎಂಬ ಭಯ ನಮ್ಮಲ್ಲಿ ವ್ಯಾಪಕ. ಸುಡುವುದು ಸಾಧ್ಯವೇ, ವಿವೇಕವಿಲ್ಲದೆ ಗುಂಡಿ ತಿರುಗಿಸಿದರೆ ಶಂಕು ಹರಿದೀತು, ಸುರುಳಿ ಕರಗೀತು. ಆದರೆ ಸ್ಪೀಕರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. 80 ವ್ಯಾಟಿನ ಯಂತ್ರ ಸದಾ 80 ವ್ಯಾಟ್ ಸುರಿಯುವುದಿಲ್ಲ. ಕೆರೆ ದೊಡ್ಡದಾದ ಮಾತ್ರಕ್ಕೆ ಕೊಡ ಒಡೆಯುವುದಿಲ್ಲ. ಮನೆಯ ಸಾಮಾನ್ಯ ಬಳಕೆಯಲ್ಲಿ, ತುತ್ತತುದಿಯವರೆಗೆ ತಿರುಗಿಸಿದ ಪುಟ್ಟ ಆಂಪ್ಲಿಫೈಯರಿಗಿಂತ ಅರ್ಧಕ್ಕೆ ನಿಲ್ಲುವ ದೊಡ್ಡದೇ ಸುರಕ್ಷಿತ.

ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟಿಗೆ ಹೋಗುವ ಮುನ್ನ ಎರಡು ವಿಷಯ ಮನದಟ್ಟು ಮಾಡಿಕೊಂಡಿದ್ದೆ. ಒಂದು, ಪಿಎಂಪಿಒ ಎಂಬ ಮಾಯಾವ್ಯಾಟ್. 90ರ ದಶಕದ ಟೂ-ಇನ್-ಒನ್‌ಗಳ ಎದೆಯ ಮೇಲೆ ಸಾವಿರಗಟ್ಟಲೆ ಹೊಳೆಯುತ್ತಿದ್ದ ಆ ಅಂಕಿಗೆ ಸ್ಪೀಕರಿನ ಲೋಕದಲ್ಲಿ ಅರ್ಥವಿಲ್ಲ. ಪರೀಕ್ಷೆ ಸುಲಭ: ಯಂತ್ರದ ಬೆನ್ನಿನಲ್ಲಿ ಗೋಡೆಯ ಪ್ಲಗ್ಗಿನಿಂದ ಎಷ್ಟು ವಿದ್ಯುತ್ ಬೇಕೆಂದು ಬರೆದಿರುತ್ತದೆ. 60 ವ್ಯಾಟ್ ಪಡೆದು ಸಾವಿರ ವ್ಯಾಟ್ ಸತತವಾಗಿ ಕೊಡುವ ಯಂತ್ರ ಇನ್ನೂ ಹುಟ್ಟಿಲ್ಲ. ಎರಡು, 8 ಓಮ್‌ಗೆ ಎಷ್ಟು, 4 ಓಮ್‌ಗೆ ಎಷ್ಟು ಎಂದು ಎರಡೂ ಕೇಳಬೇಕು. ಸ್ಪೀಕರಿನ ಓಮ್ ಒಂದೇ ಕಡೆ ನಿಲ್ಲುವುದಿಲ್ಲ. ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ. ಇಳಿದಾಗ ಕರೆಂಟ್ ಹೆಚ್ಚು ಬೇಕು. 4 ಓಮ್‌ಗೆ ಇಮ್ಮಡಿಯ ಹತ್ತಿರ ಕೊಡಬಲ್ಲ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್ ದೊಡ್ಡದಿರುತ್ತದೆ, ಅದನ್ನು ಎತ್ತಿ ನೋಡಿದರೇ ಗೊತ್ತಾಗುತ್ತದೆ.

ದಸರೆಯ ಬೋನಸ್ಸಿಗೆ ಇನ್ನೊಂದಷ್ಟು ಸೇರಿಸಿ ತಂದದ್ದು ಬಳಸಿದ ಒಂದು ಹಳೆಯ ಆಂಪ್ಲಿಫೈಯರ್: 8 ಓಮ್‌ಗೆ 80 ವ್ಯಾಟ್, 4 ಓಮ್‌ಗೆ 130. ಅಂಗಡಿಯಾತ ಜೋರಾಗಿ ಹಾಕಿ ತೋರಿಸಲು ಹೊರಟಾಗ, ಮೆಲ್ಲಗೆ ಹಾಕಿ ಎಂದೆ. ಅವನಿಗೆ ಆಶ್ಚರ್ಯವಾಯಿತು.

ಮನೆಯಲ್ಲಿ ಅದನ್ನು ಜೋಡಿಸಿದಾಗ ಧ್ವನಿ ಮೊದಲಿಗಿಂತ ಜೋರಾಗಲಿಲ್ಲ, ಮೊದಲಿನಷ್ಟಕ್ಕೇ ಇಟ್ಟಿದ್ದೆ. ಬದಲಾದದ್ದು ತಾರಸ್ಥಾಯಿ. ಮನ್ಸೂರರು ಮೇಲೆ ಹೋದರು. ಕೋಣೆ ಅವರಿಗೆ ಜಾಗ ಬಿಟ್ಟಿತು. ಅಪ್ಪನ ಕೈ ಕಿವಿಯ ಹತ್ತಿರ ಹೋಗಲಿಲ್ಲ. ಆದರೂ ಅವರು ಸ್ವಲ್ಪ ಹೊತ್ತಿನ ಮೇಲೆ, “ಹರಿಯೂದು ನಿಂತದ. ಮಾತು ಮಾತ್ರ ಇನ್ನೂ ಅರ್ಧಾನೇ ಬರತಾವ” ಎಂದರು.

ವ್ಯಾಟಿನ ಅಧಿಕಾರವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಸವೆದ ಕಿವಿಗೆ ವ್ಯಂಜನ ತಂದುಕೊಡುವ ಆಂಪ್ಲಿಫೈಯರ್ ಇಲ್ಲ. ಮೂರು ಮೀಟರ್ ದೂರದಲ್ಲಿ ಕುಳಿತವನಿಗೆ ಸ್ಪೀಕರಿನಿಂದ ನೇರ ಬರುವ ಧ್ವನಿಗಿಂತ ಗೋಡೆ, ಛಾವಣಿ, ಕಪಾಟುಗಳಿಂದ ತಿರುಗಿ ಬರುವುದೇ ಹೆಚ್ಚಿರಬಹುದು; ವ್ಯಂಜನದ ಚೂಪು ಆ ಗದ್ದಲದಲ್ಲಿ ಮೊಂಡಾಗುತ್ತದೆ. ಗುಂಡಿ ತಿರುಗಿಸಿದರೆ ನೇರ ಧ್ವನಿ, ಮರುಧ್ವನಿ ಎರಡೂ ಏರುತ್ತವೆ. ಕುರ್ಚಿಯನ್ನು ಅರ್ಧ ದೂರಕ್ಕೆ ತಂದರೆ ನೇರ ಧ್ವನಿಯೊಂದೇ 6 ಡೆಸಿಬೆಲ್ ಏರುತ್ತದೆ, ಅಂದರೆ ನಾಲ್ಕು ಪಟ್ಟು ವ್ಯಾಟಿನ ಸಮ, ಖರ್ಚು ಸೊನ್ನೆ. ಬಿಬಿಸಿಯ ವ್ಯಾನಿನಲ್ಲಿ ಇಂಜಿನಿಯರನು ಆ ಪುಟ್ಟ ಪೆಟ್ಟಿಗೆಯ ಎದುರಿಗೇ ಕೂರುತ್ತಿದ್ದನೆಂಬುದನ್ನು ನೆನೆಯಬೇಕು. ಇಂಥ ಪೆಟ್ಟಿಗೆಗಳು ಸಭೆಗಾಗಿ ಹುಟ್ಟಿದವಲ್ಲ, ಎದುರು ಕುಳಿತವರಿಗಾಗಿ.

ಕಿಟಕಿ ಬಿಟ್ಟು ಬರಲು ಅಪ್ಪ ಒಪ್ಪಲು ಎರಡು ವಾರ ಹಿಡಿಯಿತು. ಕೆಳಗಿನ ರಸ್ತೆಯ ತರಕಾರಿ ಗಾಡಿಗಳನ್ನು ನೋಡುವುದೂ ಅವರ ದಿನಚರಿಯ ಭಾಗ. ಈಗ ಸಂಜೆ ಆರರಿಂದ ಏಳು ಕುರ್ಚಿ ಒಂದೂವರೆ ಮೀಟರಿನಲ್ಲಿರುತ್ತದೆ, ಆ ಒಂದು ಗಂಟೆ ಕೂಲರ್ ಬಂದಾಗಿರುತ್ತದೆ. ವಚನದ ಮಾತುಗಳು ಎಲ್ಲವೂ ಬರುತ್ತವೆಂದು ಹೇಳಲಾರೆ. ಅರ್ಧಕ್ಕಿಂತ ಹೆಚ್ಚು ಬರುತ್ತವೆ. ಉಳಿದವು ಅವರಿಗೆ ಕಂಠಪಾಠ.

ಹೊಸದಾಗಿ ಸ್ಪೀಕರ್ ಕೊಳ್ಳುವ ಗೆಳೆಯರು ‘ಎಷ್ಟು ವ್ಯಾಟ್ ತಗೊಳ್ಳಲಿ?’ ಎಂದು ನನ್ನನ್ನು ಕೇಳುವುದುಂಟು. ನಾನು ಮರಳಿ ಮೂರು ಪ್ರಶ್ನೆ ಕೇಳುತ್ತೇನೆ. ಪೆಟ್ಟಿಗೆಯ ಸಂವೇದನೆ ಎಷ್ಟು, ಎಷ್ಟು ಓಮ್‌ಗೆ? ಕೇಳುವವರು ಕೂರುವುದು ಎಷ್ಟು ದೂರದಲ್ಲಿ? ಫ್ಯಾನ್ ತಿರುಗುವಾಗಲೋ, ನಿಂತಾಗಲೋ? ಈ ಮೂರಕ್ಕೆ ಉತ್ತರ ಸಿಕ್ಕರೆ ವ್ಯಾಟ್ ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. 83ರ ಪೆಟ್ಟಿಗೆಗೆ ಸಾಮಾನ್ಯ ಕೋಣೆಯಲ್ಲಿ ನಿಜವಾದ 50ರಿಂದ 100 ವ್ಯಾಟ್. 90ರದಕ್ಕೆ 10ರಿಂದ 20 ಧಾರಾಳ. ಕೇಳುವವರ ವಯಸ್ಸೆಷ್ಟು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಬೇಕೆಂದಿರುತ್ತೇನೆ; ಆದರೆ ಅದಕ್ಕೆ ಅಂಗಡಿಯಲ್ಲಿ ಉತ್ತರವಿಲ್ಲವಾದ್ದರಿಂದ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.